ಪಾಲಿಸಿ ರಿನ್ಯೂವಲ್ ಬಂದಿದೆ: ಯಾವ ಕವರ್ ಇಟ್ಟುಕೊಳ್ಳಲಿ, ಯಾವುದು ಬಿಡಲಿ?

ಹಳೇಕಾರು ಹೊಸಚಾಲಕ

ಎಲ್ಲರಿಗೂ ನಮಸ್ಕಾರ. ಕಾರಿನ ಪಾಲಿಸಿ ಮುಂದಿನ ವಾರ ಮುಗಿಯುತ್ತದೆ. ಕಾರು ಹಳೆಯದು, ನಾನು ಓಡಿಸಲು ಶುರು ಮಾಡಿದ್ದು ಇತ್ತೀಚೆಗೆ. ದಿನಾ ಕೆಲಸಕ್ಕೆ ಹೋಗಿಬರುವುದು, ಯಾವಾಗಲೋ ಒಮ್ಮೆ ಹೆದ್ದಾರಿ. ಏಜೆಂಟ್ ಕಳಿಸಿದ ಪಟ್ಟಿ ನೋಡಿ ತಲೆ ತಿರುಗಿತು. ಸವಕಳಿ ಕಳೆಯದ ಕವರ್, ಇಂಜಿನ್ ಕವರ್, ಟೈರ್ ಕವರ್, ಕೀ ಕಳೆದರೆ ಕವರ್, ರಸ್ತೆಬದಿ ನೆರವು... ಎಲ್ಲ ಸೇರಿಸಿದರೆ ಪ್ರೀಮಿಯಂ ಸುಮಾರು ಅರ್ಧದಷ್ಟು ಏರುತ್ತದೆ. ಎಲ್ಲ ತೆಗೆದರೆ ಏನೋ ಭಯ. ಬರೀ ಥರ್ಡ್ ಪಾರ್ಟಿ ಮಾಡಿಸಿ ಸುಮ್ನೆ ಇದ್ದುಬಿಡು ಅಂತ ಗೆಳೆಯ ಹೇಳುತ್ತಾನೆ. ಗೊತ್ತಿರುವವರು ಸ್ವಲ್ಪ ಹೇಳಿ.

ಬಾನೆಟ್ ಕೆಳಗೆ

ಕೀ ಕವರ್ ಬಿಡಿ, ಡೂಪ್ಲಿಕೇಟ್ ಕೀ ಮನೆಯಲ್ಲಿ ಇಟ್ಟುಕೊಳ್ಳಿ. ಟೈರ್ ಕವರ್ ತೆಗೆದುಕೊಳ್ಳುವ ಮುಂಚೆ ಅದರ ಷರತ್ತು ಓದಿ. ಸವೆದ ಟೈರಿಗೆ, ಸಾದಾ ಪಂಕ್ಚರ್‌ಗೆ ದುಡ್ಡು ಬರುವುದು ಅಪರೂಪ. ಉಳಿದದ್ದನ್ನು ವಿಮೆಗಾಗಿ ಗಾಡಿಯ ಹಾನಿ ಅಳೆಯುತ್ತಿದ್ದ ನಮ್ಮ ಸರ್ವೇಯರ್ ಸಾರ್ ಹೇಳಲಿ. ಇಲ್ಲೇ ಎಲ್ಲೋ ಇರುತ್ತಾರೆ.

ನಿವೃತ್ತ ಸರ್ವೇಯರ್

ಇದ್ದೇನೆ, ಇದ್ದೇನೆ.

ಪಟ್ಟಿಯನ್ನು ಪಕ್ಕಕ್ಕಿಡಿ. ಒಂದೊಂದು ಕವರ್‌ಗೂ ಒಂದೇ ಪ್ರಶ್ನೆ ಕೇಳಿಕೊಳ್ಳಿ. ಈ ನಷ್ಟ ನಾಳೆಯೇ ಬಂದರೆ ನನ್ನ ಉಳಿತಾಯದಿಂದ ಕಟ್ಟಬಲ್ಲೆನಾ? ಕಟ್ಟಬಲ್ಲೆ ಅನ್ನಿಸಿದರೆ ಆ ಕವರ್ ಬೇಕಿಲ್ಲ, ತೀರಾ ಅಗ್ಗಕ್ಕೆ ಸಿಕ್ಕರೆ ಬೇರೆ ಮಾತು. ಆಗಲ್ಲ ಅನ್ನಿಸಿದರೆ ಅದನ್ನು ಬಿಡಬೇಡಿ. ಜನ ಇದನ್ನು ಉಲ್ಟಾ ಮಾಡುತ್ತಾರೆ. ಬಂಪರ್ ಗೀರಿಗೆ ಕವರ್ ಹುಡುಕುತ್ತಾರೆ. ಮನೆಮಠ ಮಾರಿಸುವಂಥ ಹೊಣೆಗೆ ಎಷ್ಟು ಮಿತಿ ಇದೆ ಅಂತ ನೋಡುವುದೇ ಇಲ್ಲ.

ಥರ್ಡ್ ಪಾರ್ಟಿ ಮೊದಲು. ನಿಮ್ಮ ಕಾರು ತಾಗಿ ಬೇರೆಯವರಿಗೆ ಪೆಟ್ಟಾದರೆ ಅವರ ಆಸ್ಪತ್ರೆ ಖರ್ಚು, ದುಡಿಯಲಾಗದ ವರ್ಷಗಳ ಸಂಪಾದನೆ, ಜೀವ ಹೋದರೆ ಅವರನ್ನೇ ನಂಬಿದ್ದ ಮನೆಯವರಿಗೆ ಪರಿಹಾರ. ಈ ಮೊತ್ತ ಎಲ್ಲಿಗೆ ನಿಲ್ಲುತ್ತದೆ ಅಂತ ಮೊದಲೇ ಹೇಳಲಾಗದು. ನಿಮ್ಮ ಸ್ವಂತ ಕಾರಿನ ನಷ್ಟ ಮಾತ್ರ ಎಷ್ಟೇ ಆದರೂ ಆ ಕಾರಿನ ಬೆಲೆ ದಾಟಲ್ಲ. ಸರ್ಕಾರಗಳು ಥರ್ಡ್ ಪಾರ್ಟಿಯನ್ನೇ ಕಡ್ಡಾಯ ಮಾಡಿದ್ದು ಇದಕ್ಕೇ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 1927ರಿಂದ ಜಾರಿಗೆ ಬಂತು. ಬ್ರಿಟನ್‌ನಲ್ಲಿ 1930ರ ಕಾಯ್ದೆ ತಂದಿತು. ನಿಮ್ಮ ಪಾಲಿಸಿಯಲ್ಲಿ ಈ ಹೊಣೆಗೆ ಮಿತಿ ಇದೆಯಾ ನೋಡಿ. ಗಾಯಕ್ಕೆ ಒಂದು ಮಿತಿ, ಆಸ್ತಿ ಹಾನಿಗೆ ಇನ್ನೊಂದು ಇರಬಹುದು. ಏರಿಸಲು ಅವಕಾಶ ಇದ್ದರೆ ಮೊದಲ ದುಡ್ಡು ಅಲ್ಲಿಗೆ ಹಾಕಿ.

ಸ್ವಂತ ಡ್ಯಾಮೇಜ್, ಅಂದರೆ ನಿಮ್ಮ ಕಾರಿಗೇ ಆದ ನಷ್ಟದ ಕವರ್ ವಿಷಯಕ್ಕೆ ಬಂದರೆ, ನಿಮ್ಮ ಗೆಳೆಯ ಹೇಳಿದ್ದು ಪೂರ್ತಿ ತಪ್ಪಲ್ಲ. ಕಾರು ನಾಳೆ ಕಳುವಾದರೆ ಇನ್ನೊಂದು ಕೊಳ್ಳುವ ಶಕ್ತಿ ಇದ್ದವರಿಗೆ, ಅಥವಾ ಕಾರಿನ ಬೆಲೆ ತೀರಾ ಇಳಿದಿದ್ದರೆ, ಥರ್ಡ್ ಪಾರ್ಟಿ ಸಾಕಾಗಬಹುದು. ಸಾಲ ಬಾಕಿ ಇದ್ದರೆ ಬೇಡ. ಕಾರು ಹೋದರೂ ಕಂತು ಉಳಿಯುತ್ತದೆ.

ಸವಕಳಿ ಕಳೆಯದ ಕವರ್ ಬಗ್ಗೆ ಜಾಸ್ತಿ ಗೊಂದಲ. ಸವಕಳಿ ಅಂದರೆ ಭಾಗ ಹಳೆಯದಾದಷ್ಟೂ ಅದರ ಬೆಲೆ ಇಳಿಯುವುದು. ಸವಕಳಿ ಕಳೆಯುವ ಪಾಲಿಸಿಯಲ್ಲಿ ಹೊಸ ಬಂಪರ್ ಹಾಕಿದರೂ ಅದರ ಪೂರ್ತಿ ಬೆಲೆ ಬರಲ್ಲ. ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ ದೊಡ್ಡ ಕಡಿತ. ಲೋಹದ ಭಾಗಕ್ಕೆ ಕಾರಿನ ವಯಸ್ಸಿನ ಪ್ರಕಾರ. ಈಗಿನ ಕಾರುಗಳ ಮುಂಭಾಗದಲ್ಲಿ ಅರ್ಧ ಪ್ಲಾಸ್ಟಿಕ್ಕೇ. ಹೊಸ ಕಾರಿಗೆ ಈ ಕವರ್ ಒಳ್ಳೆಯದು. ಹಳೆ ಕಾರಿಗೆ ಕೆಲವರು ಕೊಡುವುದೇ ಇಲ್ಲ, ಕೊಟ್ಟರೂ ದುಬಾರಿ.

ಇನ್ನೊಂದು ಮಾತು. ಪ್ರೀಮಿಯಂ ಇಳಿಸಲು ಕಾರಿನ ಘೋಷಿತ ಮೌಲ್ಯ ಕಡಿಮೆ ಬರೆಸುವ ಅಭ್ಯಾಸ ಇದೆ. ಕಾರು ಕಳುವಾದಾಗ ಅಥವಾ ರಿಪೇರಿಗೆ ಮೀರಿ ಜಖಂ ಆದಾಗ ಕೈಗೆ ಬರುವುದು ಆ ಅಂಕಿಯೇ. ಉಳಿಸಲೇಬೇಕಿದ್ದರೆ ಡಿಡಕ್ಟಿಬಲ್ ಏರಿಸಿ. ಅಂದರೆ ಪ್ರತಿ ಕ್ಲೇಮಿನಲ್ಲಿ ಮೊದಲ ಇಷ್ಟು ದುಡ್ಡು ನನ್ನದು ಅಂತ ಒಪ್ಪಿಕೊಳ್ಳುವುದು. ಪ್ರೀಮಿಯಂ ಇಳಿಯುತ್ತದೆ. ಸಣ್ಣ ಖರ್ಚು ನಿಮ್ಮ ಮೇಲೆ, ದೊಡ್ಡದು ಕಂಪನಿ ಮೇಲೆ. ವಿಮೆ ಇರಬೇಕಾದ್ದೇ ಹಾಗೆ.

ಹಳೇಕಾರು ಹೊಸಚಾಲಕ

ಸಾರ್, ತುಂಬಾ ಥ್ಯಾಂಕ್ಸ್. ಹಾಗಾದರೆ ಸಣ್ಣಪುಟ್ಟ ಡೆಂಟ್‌ಗೆ ಕ್ಲೇಮ್ ಹಾಕುವುದೇ ಬೇಡವಾ? ಪ್ರೀಮಿಯಂ ಕಟ್ಟಿದ್ದೀವಲ್ಲ, ಯಾಕೆ ಬಿಡಬೇಕು ಅಂತ ಮನೆಯಲ್ಲಿ ವಾದ.

ನಿವೃತ್ತ ಸರ್ವೇಯರ್

ಲೆಕ್ಕ ಹಾಕಿ ನೋಡಿ. ಪ್ರೀಮಿಯಂ 100 ಅಂದುಕೊಳ್ಳಿ. ವರ್ಷಗಟ್ಟಲೆ ಕ್ಲೇಮ್ ಇಲ್ಲದ್ದರಿಂದ 40 ರಿಯಾಯಿತಿ (ನೋ ಕ್ಲೇಮ್ ಬೋನಸ್) ಸಿಗುತ್ತಿದೆ, ನೀವು ಕಟ್ಟುವುದು 60. ಒಂದು ಕ್ಲೇಮ್ ಹಾಕಿ ಬೋನಸ್ ಪೂರ್ತಿ ಹೋದರೆ ಮುಂದಿನ ವರ್ಷ 100. ಅದರಾಚೆಯ ವರ್ಷ ಸ್ವಲ್ಪ ಕಡಿಮೆ. ಮತ್ತೆ 60ಕ್ಕೆ ಇಳಿಯುವವರೆಗೆ ಪ್ರತಿ ವರ್ಷವೂ ಜಾಸ್ತಿ ಕಟ್ಟುತ್ತೀರಿ. ಆ ಜಾಸ್ತಿ ಎಲ್ಲ ಕೂಡಿಸಿ, ಅದಕ್ಕೆ ಡಿಡಕ್ಟಿಬಲ್ ಸೇರಿಸಿ. ಗ್ಯಾರೇಜ್ ಬಿಲ್ ಅದಕ್ಕಿಂತ ಕಡಿಮೆ ಇದ್ದರೆ ಕೈಯಿಂದಲೇ ಕೊಡಿ. ಕೆಲವು ಕಡೆ ಬೋನಸ್ ಒಂದೇ ಸಲಕ್ಕೆ ಸೊನ್ನೆಯಾಗಲ್ಲ, ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ಲೆಕ್ಕದ ದಾರಿ ಅದೇ.

ಒಂದು ಎಚ್ಚರಿಕೆ. ಇನ್ನೊಬ್ಬರ ವಾಹನಕ್ಕೆ, ಮೈಗೆ ಏನಾದರೂ ಆಗಿದ್ದರೆ ಕ್ಲೇಮ್ ಹಾಕದಿದ್ದರೂ ಕಂಪನಿಗೆ ತಿಳಿಸಿ. ಇವತ್ತು ಪರವಾಗಿಲ್ಲ ಬಿಡಿ ಅಂದವರು ತಿಂಗಳಾದ ಮೇಲೆ ನೋಟಿಸ್ ಕಳಿಸಬಹುದು. ಆಗ "ಯಾಕೆ ಮೊದಲೇ ಹೇಳಲಿಲ್ಲ" ಅನ್ನುವ ಪ್ರಶ್ನೆ ಬರುತ್ತದೆ.

ಕರಿಕೋಟು

ಸರ್ವೇಯರ್ ಸಾರ್ ಹೇಳಿದ್ದಕ್ಕೆ ನನ್ನ ಕಡೆಯಿಂದ ಸ್ವಲ್ಪ. ಕವರ್ ಆರಿಸುವಾಗ ಇಷ್ಟು ತಲೆ ಓಡಿಸುವವರು ಅರ್ಜಿ ತುಂಬುವಾಗ ಏಜೆಂಟ್ ಕೈಗೆ ಬಿಟ್ಟುಬಿಡುತ್ತಾರೆ. ನಾನು ನೋಡಿದ ಜಗಳಗಳಲ್ಲಿ ಹೆಚ್ಚಿನವು ಅಲ್ಲಿಂದಲೇ ಹುಟ್ಟಿದವು.

1766ರಲ್ಲಿ ಇಂಗ್ಲೆಂಡಿನಲ್ಲಿ ಕಾರ್ಟರ್ ಮತ್ತು ಬೋಹ್ಮ್ ನಡುವಿನ ಮೊಕದ್ದಮೆ ನಡೆಯಿತು. ಸುಮಾತ್ರಾದ ಒಂದು ಕೋಟೆಗೆ ಮಾಡಿಸಿದ್ದ ವಿಮೆ. ನ್ಯಾಯಮೂರ್ತಿ ಲಾರ್ಡ್ ಮ್ಯಾನ್ಸ್‌ಫೀಲ್ಡ್ ಅಲ್ಲಿ ಹೇಳಿದ ತತ್ವ ಇವತ್ತಿಗೂ ವಿಮೆಯ ಬುನಾದಿ. ಅಪಾಯ ಎಷ್ಟು ಅನ್ನುವುದು ವಿಮೆ ಮಾಡಿಸುವವನಿಗೇ ಚೆನ್ನಾಗಿ ಗೊತ್ತಿರುತ್ತದೆ, ಅವನು ಮುಚ್ಚಿಡುವ ಹಾಗಿಲ್ಲ. ತಮಾಷೆ ಅಂದರೆ ಆ ಕೇಸಿನಲ್ಲಿ ಗೆದ್ದದ್ದು ವಿಮೆ ಮಾಡಿಸಿದವನ ಕಡೆಯೇ. ಕಂಪನಿಯವರು ಗೊತ್ತಿದ್ದೂ ದುಡ್ಡು ತೆಗೆದುಕೊಂಡು ಆಮೇಲೆ ಜಾರಿಕೊಳ್ಳಬಾರದು ಅಂತಲೂ ಅದರ ಅರ್ಥ. ಈಗ ಹಲವು ದೇಶಗಳಲ್ಲಿ ನಿಯಮ ಸಡಿಲವಾಗಿದೆ. ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರ ಕೊಟ್ಟರೆ ಸಾಕು. ಆದರೆ ಸುಳ್ಳು ಬರೆಯುವಂತಿಲ್ಲ.

ದಿನನಿತ್ಯ ಎಡವುವುದು ಎಲ್ಲಿ ಅಂದರೆ, ಸ್ವಂತ ಬಳಕೆ ಅಂತ ಪಾಲಿಸಿ ಮಾಡಿಸಿ ಬಾಡಿಗೆಗೆ ಓಡಿಸುವುದು, ಪಾರ್ಸೆಲ್ ಡೆಲಿವರಿ ಮಾಡುವುದು. ಗ್ಯಾಸ್ ಕಿಟ್ ಹಾಕಿಸಿ ತಿಳಿಸದಿರುವುದು. ದಿನಾ ಓಡಿಸುವುದು ಇಪ್ಪತ್ತರ ಮಗ, ಕಾಗದದಲ್ಲಿ ಮುಖ್ಯ ಚಾಲಕ ಅಪ್ಪ. ಚಾಲಕನ ವಯಸ್ಸು ನೋಡಿ ಪ್ರೀಮಿಯಂ ಹಾಕುವ ಕಡೆ ಇದನ್ನು ಮೋಸ ಅಂತಲೇ ಎಣಿಸುತ್ತಾರೆ. ಲೈಸೆನ್ಸ್ ಅವಧಿ ಮುಗಿದಿದ್ದರೆ, ಕುಡಿದು ಓಡಿಸಿದ್ದರೆ ಕ್ಲೇಮ್ ಕತೆ ಏನಾಗುತ್ತದೆ ಅಂತ ನಾನು ಬಿಡಿಸಿ ಹೇಳಬೇಕಿಲ್ಲ ಅಲ್ವಾ? ಥರ್ಡ್ ಪಾರ್ಟಿಗೆ ಕಂಪನಿ ಮೊದಲು ಕೊಟ್ಟರೂ ಆಮೇಲೆ ನಿಮ್ಮಿಂದ ವಸೂಲಿ ಮಾಡಬಹುದು.

ರಾತ್ರಿಪಾಳಿ

ನಾನು ರಾತ್ರಿ ಹೊತ್ತು ಗಾಡಿ ಓಡಿಸುವವನು. ಅಪಘಾತ ಆದ ಮೇಲೆ ಮೊದಲ ಹತ್ತು ನಿಮಿಷದಲ್ಲಿ ಏನು ಮಾಡಬೇಕು ಅಂತ ಯಾರೂ ಬರೆದಿಲ್ಲ. ಅದನ್ನು ಬರೆಯುತ್ತೇನೆ.

ಇಂಜಿನ್ ಆಫ್ ಮಾಡಿ. ಹಜಾರ್ಡ್ ಲೈಟ್ ಹಾಕಿ. ಹಿಂದೆ ದೂರದಲ್ಲಿ ಎಚ್ಚರಿಕೆಯ ತ್ರಿಕೋನ ಇಡಿ. ತ್ರಿಕೋನವನ್ನು ಎದೆಯ ಮುಂದೆ ಹಿಡಿದುಕೊಂಡು ನಡೆಯಿರಿ, ಬರುವವರಿಗೆ ನೀವೂ ಕಾಣಬೇಕು. ಹೆದ್ದಾರಿಯಾದರೆ ಎಲ್ಲರೂ ಗಾಡಿ ಬಿಟ್ಟು ತಡೆಗೋಡೆಯ ಆಚೆಗೆ ಹೋಗಿ ನಿಲ್ಲಿ. ಮೊದಲ ಡಿಕ್ಕಿಯಲ್ಲಿ ಏನೂ ಆಗದವರು ರಸ್ತೆಯಲ್ಲೇ ನಿಂತು ವಾದ ಮಾಡುತ್ತಾ ಹಿಂದಿನಿಂದ ಬಂದ ಗಾಡಿಗೆ ಸಿಕ್ಕಿದ್ದನ್ನು ಕಂಡಿದ್ದೇನೆ.

ಪೆಟ್ಟಾದವರು ಇದ್ದರೆ ಆಂಬ್ಯುಲೆನ್ಸ್ ಮೊದಲು, ಫೋಟೊ ಆಮೇಲೆ. ಬೆಂಕಿಯ ಭಯವೋ ಇನ್ನೊಂದು ಡಿಕ್ಕಿಯ ಭಯವೋ ಇಲ್ಲದಿದ್ದರೆ ಅವರನ್ನು ಎಳೆದಾಡಬೇಡಿ, ಕುತ್ತಿಗೆ, ಬೆನ್ನುಮೂಳೆಗೆ ಅಪಾಯ. ರಕ್ತ ಸುರಿಯುತ್ತಿದ್ದರೆ ಶುದ್ಧ ಬಟ್ಟೆ ಇಟ್ಟು ಒತ್ತಿ ಹಿಡಿಯಿರಿ. ನೀರು ಕುಡಿಸಬೇಡಿ. ಪ್ರಜ್ಞೆ ಸರಿಯಿಲ್ಲದವರಿಗೆ ಅದು ಶ್ವಾಸನಾಳಕ್ಕೆ ಹೋಗಬಹುದು, ಆಪರೇಷನ್ ಬೇಕಾದರೂ ತೊಂದರೆ.

ಫೋಟೊ ತೆಗೆಯುವಾಗ ಎಲ್ಲರೂ ಡೆಂಟನ್ನೇ ಹತ್ತಿರದಿಂದ ತೆಗೆಯುತ್ತಾರೆ. ಅದಕ್ಕಿಂತ ಮುಂಚೆ ದೂರದಿಂದ ನಾಲ್ಕೂ ದಿಕ್ಕಿನಿಂದ ತೆಗೆಯಿರಿ. ಗಾಡಿಗಳು ರಸ್ತೆಯಲ್ಲಿ ಹೇಗೆ ನಿಂತಿದ್ದವು, ಸಿಗ್ನಲ್, ಫಲಕ, ಬ್ರೇಕಿನ ಗುರುತು, ಚೂರುಗಳು ಬಿದ್ದ ಜಾಗ. ಗಾಡಿ ಸರಿಸಿದ ಮೇಲೆ ಇದು ಸಿಗಲ್ಲ. ಎದುರಿನವರ ನಂಬರ್, ಪಾಲಿಸಿ ವಿವರ, ನೋಡಿದವರ ಫೋನ್ ನಂಬರ್ ತೆಗೆದುಕೊಳ್ಳಿ. ಅಲ್ಲೇ "ತಪ್ಪು ನನ್ನದೇ" ಅಂತ ಕಾಗದಕ್ಕೆ ಸಹಿ ಹಾಕಬೇಡಿ.

ನಿವೃತ್ತ ಸರ್ವೇಯರ್

ಒಳ್ಳೆಯ ಪೋಸ್ಟ್. ಒಂದೇ ಒಂದು ಸೇರಿಸುತ್ತೇನೆ. ಸರ್ವೇ ಆಗುವ ಮುಂಚೆ ಗಾಡಿ ಬಿಚ್ಚಿಸಬೇಡಿ, ಬದಲಾಯಿಸಿದ ಹಳೆ ಭಾಗ ಎಸೆಯಬೇಡಿ. ಮತ್ತೆ ಕತೆ ಕಟ್ಟಬೇಡಿ. ನಿಂತ ಗಾಡಿಗೆ ಯಾರೋ ಗುದ್ದಿದರು ಅಂತ ಬರೆಸಿರುತ್ತಾರೆ, ಗೀರು ನೋಡಿದರೆ ಗಾಡಿ ಓಡುತ್ತಿತ್ತು ಅಂತ ಎರಡೇ ನಿಮಿಷದಲ್ಲಿ ತಿಳಿಯುತ್ತದೆ. ಕಂಬಕ್ಕೆ ನೀವೇ ಗುದ್ದಿದ್ದರೂ ಸ್ವಂತ ಡ್ಯಾಮೇಜ್ ಪಾಲಿಸಿಯಲ್ಲಿ ಸಿಗುತ್ತಿತ್ತು. ಸುಳ್ಳು ಹೇಳಿ ಅದನ್ನೂ ಕಳೆದುಕೊಳ್ಳುತ್ತಾರೆ.

ಸ್ಕೂಟರ್ ಅಕ್ಕ

ಎಲ್ಲ ಓದಿದೆ. ಡಿಕ್ಕಿ ಆದ ಮೇಲೆ ಏನು ಅಂತಲೇ ಎಲ್ಲರೂ ಬರೆಯುತ್ತಿದ್ದೀರಿ. ಡಿಕ್ಕಿ ಆಗದ ಹಾಗೆ ಓಡಿಸುವುದರ ಬಗ್ಗೆ ಯಾರಾದರೂ ಬಾಯಿ ಬಿಡುತ್ತೀರಾ? ನಾನು ಎರಡು ಚಕ್ರದ ಮೇಲೆ ಇರುವವಳು. ನಿಮ್ಮ ಡೆಂಟ್ ಅಂದರೆ ನನ್ನ ಮೂಳೆ.

ಲೆಕ್ಕದ ಮೇಷ್ಟ್ರು

ಅಕ್ಕಾ, ನೀವು ಕೇಳಿದ್ದು ಸರಿಯಾಗಿದೆ. ನಾನು ಫಿಸಿಕ್ಸ್ ಪಾಠ ಮಾಡುವವನು, ಮಕ್ಕಳಿಗೆ ಕೊಡುವ ಒಂದು ಲೆಕ್ಕ ಇಲ್ಲಿ ಇಡುತ್ತೇನೆ.

ಎರಡು ಕಾರು ಅಕ್ಕಪಕ್ಕ ಬರುತ್ತಿವೆ. ಒಂದು ಗಂಟೆಗೆ 50 ಕಿಲೋಮೀಟರ್, ಇನ್ನೊಂದು 60. ಒಣ ರಸ್ತೆ, ಒಳ್ಳೆಯ ಬ್ರೇಕು. ಮುಂದೆ ಒಂದು ಮಗು ಓಡಿ ಬರುತ್ತದೆ. ಇಬ್ಬರು ಚಾಲಕರಿಗೂ ಕಾಲು ಬ್ರೇಕಿಗೆ ಹೋಗಲು 1 ಸೆಕೆಂಡ್ ಬೇಕು ಅಂದುಕೊಳ್ಳಿ. 50ರ ಕಾರು ಆ ಸೆಕೆಂಡಿನಲ್ಲಿ 14 ಮೀಟರ್ ಹೋಗುತ್ತದೆ, ಬ್ರೇಕ್ ಹಿಡಿದ ಮೇಲೆ ಇನ್ನೊಂದು 14. ಸುಮಾರು 28 ಮೀಟರಿನಲ್ಲಿ ನಿಲ್ಲುತ್ತದೆ. ಮಗು ಸರಿಯಾಗಿ ಅಲ್ಲೇ ಇದ್ದರೆ ಮುಟ್ಟದೆ ನಿಂತಿತು ಅನ್ನಿ.

60ರ ಕಾರು ಅದೇ ಜಾಗಕ್ಕೆ ಬಂದಾಗ ಎಷ್ಟು ವೇಗದಲ್ಲಿ ಇರುತ್ತದೆ? ಹತ್ತು ಅನ್ನುತ್ತಾರೆ ಹೆಚ್ಚಿನ ಮಕ್ಕಳು. ಅಲ್ಲ. ಸುಮಾರು 40. ಯಾಕೆಂದರೆ ಯೋಚಿಸುವ ಸೆಕೆಂಡಿನಲ್ಲೇ ಅದು 17 ಮೀಟರ್ ತಿಂದಿದೆ, ಬ್ರೇಕಿಗೆ ಉಳಿದಿದ್ದು 11 ಮೀಟರ್ ಮಾತ್ರ. ಮೇಲಿಂದ, ಗಾಡಿಯ ಚಲನಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. ವೇಗ ಎರಡರಷ್ಟಾದರೆ ಬ್ರೇಕ್ ದೂರ ನಾಲ್ಕರಷ್ಟು. 100ರಲ್ಲಿ ಇದೇ ಲೆಕ್ಕಕ್ಕೆ ಒಟ್ಟು 80 ಮೀಟರ್ ದಾಟುತ್ತದೆ. ಮಳೆ ಬಿದ್ದ ರಸ್ತೆಯಲ್ಲಿ ಇದಕ್ಕಿಂತ ಜಾಸ್ತಿ.

40ರ ವೇಗದಲ್ಲಿ ಗುದ್ದುವುದು 6 ಮೀಟರ್ ಎತ್ತರದಿಂದ ಬೀಳುವುದಕ್ಕೆ ಸಮ. ಸರಾಸರಿ ವೇಗ 1 ಪ್ರತಿಶತ ಏರಿದರೆ ಸಾವಿನ ಅಪಘಾತದ ಸಾಧ್ಯತೆ 4 ಪ್ರತಿಶತ ಏರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನನ್ನ ಲೆಕ್ಕ ನೋಡಿದ ಮೇಲೆ ಅದು ಆಶ್ಚರ್ಯ ಅನ್ನಿಸಬಾರದು.

ಟಾಪ್‌ಗೇರ್ ತಮ್ಮ

ಮೇಷ್ಟ್ರೇ, ಇದೆಲ್ಲ ಹಳೆ ಕಾರಿನ ಲೆಕ್ಕ. ನನ್ನದರಲ್ಲಿ ಎಬಿಎಸ್ ಇದೆ, ಆರು ಏರ್‌ಬ್ಯಾಗ್ ಇದೆ. ಫುಲ್ ಕವರ್ ಇನ್ಶೂರೆನ್ಸೂ ಇದೆ. ಅಷ್ಟೊಂದು ಹೆದರಬೇಕಾಗಿಲ್ಲ.

ಲೆಕ್ಕದ ಮೇಷ್ಟ್ರು

ತಮ್ಮಾ, ನಾನು ಹಾಕಿದ್ದು ಒಳ್ಳೆಯ ಬ್ರೇಕಿನ ಲೆಕ್ಕವೇ. ಎಬಿಎಸ್ ಇರುವುದು ಚಕ್ರ ಲಾಕ್ ಆಗದಂತೆ ನೋಡಿಕೊಳ್ಳಲು, ಬ್ರೇಕ್ ಹಿಡಿದಿರುವಾಗಲೂ ಸ್ಟೀರಿಂಗ್ ಮಾತು ಕೇಳಲಿ ಅಂತ. ಜಲ್ಲಿ, ಸಡಿಲ ಮಣ್ಣಿನ ಮೇಲೆ ಅದರಿಂದ ನಿಲ್ಲುವ ದೂರ ಹೆಚ್ಚಾಗಲೂಬಹುದು.

1980ರ ದಶಕದಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ಟ್ಯಾಕ್ಸಿಗಳ ಮೇಲೆ ಒಂದು ಅಧ್ಯಯನ ನಡೆಯಿತು. ಕೆಲವು ಟ್ಯಾಕ್ಸಿಗೆ ಎಬಿಎಸ್ ಇತ್ತು, ಕೆಲವಕ್ಕೆ ಇರಲಿಲ್ಲ. ಎಬಿಎಸ್ ಇದ್ದವು ಕಡಿಮೆ ಅಪಘಾತ ಮಾಡಿಕೊಳ್ಳಬೇಕಿತ್ತು ಅಲ್ವಾ? ಹಾಗಾಗಲಿಲ್ಲ. ಬ್ರೇಕ್ ಚೆನ್ನಾಗಿದೆ ಅನ್ನುವ ಧೈರ್ಯದಲ್ಲಿ ಚಾಲಕರು ಇನ್ನಷ್ಟು ನುಗ್ಗಿ ಓಡಿಸುತ್ತಿದ್ದರು. ಉಪಕರಣ ಕೊಟ್ಟ ಲಾಭವನ್ನು ಅವರೇ ಖರ್ಚು ಮಾಡಿಬಿಟ್ಟರು.

ಇದರ ಉಲ್ಟಾ ಉದಾಹರಣೆ ಸ್ವೀಡನ್. 1967ರ ಸೆಪ್ಟೆಂಬರ್ 3ರ ಬೆಳಿಗ್ಗೆ ಇಡೀ ದೇಶ ಎಡಬದಿಯಿಂದ ಬಲಬದಿಗೆ ಬದಲಾಯಿತು. ಭಾರೀ ಅನಾಹುತ ಆಗುತ್ತದೆ ಅಂತ ಹೆದರಿದ್ದರು. ಅಪಘಾತಗಳು ಕಡಿಮೆಯಾದವು! ಎಲ್ಲರೂ ಗಾಬರಿಯಲ್ಲಿ ನಿಧಾನ ಓಡಿಸಿದರು. ಅಭ್ಯಾಸವಾದ ಮೇಲೆ ಸಂಖ್ಯೆ ಮತ್ತೆ ಹಳೆ ಮಟ್ಟಕ್ಕೆ ಏರಿತು.

ನಿವೃತ್ತ ಸರ್ವೇಯರ್

ಟಾಪ್‌ಗೇರ್ ಅವರೇ, ಡಿಡಕ್ಟಿಬಲ್ ಇರುವುದಕ್ಕೆ ಒಂದು ಕಾರಣ ನೀವೇ. ಎಲ್ಲ ಕಂಪನಿ ಕಟ್ಟುತ್ತದೆ ಅಂದರೆ ಜನ ಹುಷಾರು ಬಿಡುತ್ತಾರೆ ಅಂತ ವಿಮೆಯವರಿಗೆ ಮೊದಲಿನಿಂದ ಗೊತ್ತು. ಅದಕ್ಕೇ ಪ್ರತಿ ಕ್ಲೇಮಿನಲ್ಲೂ ನಿಮ್ಮ ಜೇಬಿಗೆ ಸ್ವಲ್ಪ ಚುರುಕು ಮುಟ್ಟಿಸುತ್ತಾರೆ. ಈಗ ಕೆಲವರು ಗಾಡಿಗೆ ಸಾಧನ ಹಾಕಿ ಅಥವಾ ಫೋನ್ ಆಪ್ ಮೂಲಕ ನೀವು ಎಷ್ಟು ಸಲ ಜೋರಾಗಿ ಬ್ರೇಕ್ ಹಾಕಿದಿರಿ, ರಾತ್ರಿ ಎಷ್ಟು ಓಡಿಸಿದಿರಿ ಅಂತ ನೋಡಿ ಪ್ರೀಮಿಯಂ ನಿಗದಿ ಮಾಡುತ್ತಾರೆ. ಮತ್ತೆ ಫುಲ್ ಕವರ್ ಅಂದಿರಲ್ಲ, ಆ ಹೆಸರಿನ ಪಾಲಿಸಿಯಲ್ಲೂ ಹೊರಗಿಟ್ಟ ವಿಷಯಗಳ ಒಂದು ಪುಟ ಇರುತ್ತದೆ. ಒಮ್ಮೆ ಓದಿ.

ಟಾಪ್‌ಗೇರ್ ತಮ್ಮ

ಸರಿ ಸರಿ, ಎಲ್ಲರೂ ಸೇರಿ ಹಿಡಿದುಕೊಳ್ಳಬೇಡಿ. ಆದರೆ ಬೈಕಿನಲ್ಲಿ ಎಬಿಎಸ್ ಉಪಯೋಗ ಇಲ್ಲ ಅಂತ ಹೇಳಲ್ಲ ತಾನೇ?

ಲೆಕ್ಕದ ಮೇಷ್ಟ್ರು

ಖಂಡಿತ ಇಲ್ಲ. ಬೈಕಿನ ಮುಂದಿನ ಚಕ್ರ ಲಾಕ್ ಆದರೆ ಸವಾರ ನೆಲಕ್ಕೆ ಬೀಳುತ್ತಾನೆ. ಅಲ್ಲಿ ಎಬಿಎಸ್ ಜೀವ ಉಳಿಸುತ್ತದೆ. ಕಾರಿನಲ್ಲೂ ಬೇಡ ಅನ್ನುತ್ತಿಲ್ಲ. ಬಳಸಲು ಗೊತ್ತಿರಬೇಕು. ತುರ್ತಿನಲ್ಲಿ ಪೆಡಲ್ ಪೂರ್ತಿ ಒತ್ತಿ, ಗಾಡಿ ನಿಲ್ಲುವವರೆಗೆ ಕಾಲು ತೆಗೆಯಬೇಡಿ. ಪೆಡಲ್ ಗಡಗಡ ನಡುಗುತ್ತದೆ, ಸದ್ದು ಬರುತ್ತದೆ. ಏನೋ ಮುರಿಯಿತು ಅಂತ ಹೆದರಿ ಕಾಲು ಎತ್ತಿಬಿಡುವವರು ಬಹಳ.

ರಾತ್ರಿಪಾಳಿ

ಮುಂದಿನ ಗಾಡಿಯಿಂದ ಅಂತರ ಇಡುವುದಕ್ಕೆ ಮೀಟರ್ ಲೆಕ್ಕ ಬೇಡ. ಮುಂದಿನವರು ಒಂದು ಕಂಬ ದಾಟಿದ ತಕ್ಷಣ "ಒಂದು ಸಾವಿರದ ಒಂದು, ಒಂದು ಸಾವಿರದ ಎರಡು" ಅಂತ ಹೇಳಿ. ಹೇಳಿ ಮುಗಿಯುವ ಮುಂಚೆ ನೀವು ಆ ಕಂಬ ದಾಟಿದರೆ ತೀರಾ ಹತ್ತಿರ ಇದ್ದೀರಿ. ಮಳೆಯಲ್ಲಿ ಇದನ್ನು ಎರಡರಷ್ಟು ಮಾಡಿ.

ಹಳೇಕಾರು ಹೊಸಚಾಲಕ

ಅಷ್ಟು ಜಾಗ ಬಿಟ್ಟರೆ ಮಧ್ಯೆ ಯಾರಾದರೂ ನುಗ್ಗುತ್ತಾರೆ. ಏನು ಮಾಡುವುದು?

ರಾತ್ರಿಪಾಳಿ

ನುಗ್ಗಲಿ. ಆಕ್ಸಿಲರೇಟರ್‌ನಿಂದ ಕಾಲು ತೆಗೆದು ಮತ್ತೆ ಅಂತರ ಮಾಡಿಕೊಳ್ಳಿ. ಪ್ರತಿ ಸಲಕ್ಕೂ ಎರಡು ಸೆಕೆಂಡ್ ಹೋಗುತ್ತದೆ. ಇಡೀ ದಾರಿಯಲ್ಲಿ ಹತ್ತಿಪ್ಪತ್ತು ಜನ ನುಗ್ಗಿದರೂ ಒಂದು ನಿಮಿಷ ಆಗಲ್ಲ. ಸಿಟ್ಟು ಬರುತ್ತದೆ, ನಿಜ. ನನಗೂ ಬರುತ್ತದೆ.

ನಿದ್ದೆಯ ಬಗ್ಗೆಯೂ ಹೇಳಿಬಿಡುತ್ತೇನೆ. 17ರಿಂದ 19 ಗಂಟೆ ಎಚ್ಚರ ಇದ್ದವರ ಕೈಕಣ್ಣಿನ ಚುರುಕು ರಕ್ತದಲ್ಲಿ 0.05 ಪ್ರತಿಶತ ಮದ್ಯ ಇದ್ದವರಷ್ಟೇ, ಕೆಲವು ಪರೀಕ್ಷೆಗಳಲ್ಲಿ ಅದಕ್ಕಿಂತ ಕಡೆ ಅಂತ 2000ದಲ್ಲಿ ಬಂದ ಅಧ್ಯಯನ ತೋರಿಸಿತು. ಬೆಳಿಗ್ಗೆ ಆರಕ್ಕೆ ಎದ್ದು ದಿನವೆಲ್ಲ ದುಡಿದು ರಾತ್ರಿ ಹನ್ನೊಂದಕ್ಕೆ ದೂರದ ಪ್ರಯಾಣ ಹೊರಟರೆ ಆ ಲೆಕ್ಕಕ್ಕೆ ಬಂದುಬಿಟ್ಟಿರಿ. ಕಿಟಕಿ ತೆಗೆಯುವುದು, ಹಾಡು ಜೋರು ಮಾಡುವುದು, ಮುಖಕ್ಕೆ ನೀರು, ಇವು ಯಾವುದೂ ಜಾಸ್ತಿ ಹೊತ್ತು ಕೆಲಸ ಮಾಡಲ್ಲ. ಕಳೆದ ಕೆಲವು ಕಿಲೋಮೀಟರ್ ಹೇಗೆ ಬಂದೆ ಅಂತ ನೆನಪಾಗದಿದ್ದರೆ ಸುರಕ್ಷಿತ ಜಾಗ ನೋಡಿ ನಿಲ್ಲಿಸಿ. ಒಂದು ಕಪ್ ಕಾಫಿ ಕುಡಿದು ತಕ್ಷಣ ಹದಿನೈದು ಇಪ್ಪತ್ತು ನಿಮಿಷ ಮಲಗಿ. ಏಳುವ ಹೊತ್ತಿಗೆ ಕೆಫೀನ್ ಕೂಡ ಹತ್ತಿರುತ್ತದೆ.

ಬಾನೆಟ್ ಕೆಳಗೆ

ನನ್ನ ಪಾಲಿನದ್ದು ಟೈರು. ರಸ್ತೆಗೆ ತಾಗಿರುವುದು ಒಂದೊಂದು ಟೈರಿನಲ್ಲೂ ಅಂಗೈಯಷ್ಟೇ ಜಾಗ. ಎಬಿಎಸ್ ಆಗಲಿ ಬ್ರೇಕ್ ಆಗಲಿ ಕೆಲಸ ಮಾಡುವುದು ಆ ನಾಲ್ಕು ಅಂಗೈಯ ಮೂಲಕವೇ. ಗಾಳಿಯನ್ನು ಟೈರ್ ತಣ್ಣಗಿರುವಾಗ ನೋಡಿ. ಎಷ್ಟಿರಬೇಕು ಅಂತ ಚಾಲಕನ ಬಾಗಿಲ ಪಕ್ಕದ ಚೀಟಿಯಲ್ಲಿ ಇರುತ್ತದೆ. ಟೈರಿನ ಮೇಲೆ ಬರೆದಿರುವುದು ಗರಿಷ್ಠ ಒತ್ತಡ, ಅದನ್ನು ನೋಡಿ ತುಂಬಿಸಬೇಡಿ. ಗಾಳಿ ಕಡಿಮೆ ಇದ್ದರೆ ಟೈರ್ ಬಾಗಿ ಬಾಗಿ ಬಿಸಿಯಾಗುತ್ತದೆ. ಹೆದ್ದಾರಿಯಲ್ಲಿ ಸಿಡಿಯಲು ಅದೇ ದೊಡ್ಡ ಕಾರಣ.

ಟ್ರೆಡ್ ಆಳ, ಅಂದರೆ ಟೈರಿನ ಮೈಮೇಲಿನ ತೋಡುಗಳ ಆಳ, 1.6 ಮಿಲಿಮೀಟರ್‌ಗಿಂತ ಕಡಿಮೆ ಆದರೆ ಬದಲಾಯಿಸಲೇಬೇಕು. ಆ ತೋಡುಗಳ ಒಳಗೆ ಸಣ್ಣ ಉಬ್ಬುಗಳಿರುತ್ತವೆ, ಟ್ರೆಡ್ ಅವುಗಳ ಮಟ್ಟಕ್ಕೆ ಬಂದರೆ ಟೈರ್ ಮುಗಿಯಿತು ಅಂತ. ಮಳೆ ಜಾಸ್ತಿ ಇರುವ ಕಡೆ ಅಷ್ಟರವರೆಗೆ ಕಾಯಬೇಡಿ. ನೀರು ಹೊರಹೋಗಲು ತೋಡು ಆಳ ಇಲ್ಲದಿದ್ದರೆ ಟೈರ್ ನೀರಿನ ಮೇಲೆ ತೇಲುತ್ತದೆ. ಸ್ಟೀರಿಂಗ್ ಹಗುರ ಅನ್ನಿಸುತ್ತದೆ. ಆಗ ಬ್ರೇಕ್ ಒತ್ತಬೇಡಿ, ತಿರುಗಿಸಬೇಡಿ, ಆಕ್ಸಿಲರೇಟರ್ ಮೆಲ್ಲಗೆ ಬಿಡಿ.

ವಯಸ್ಸು ನೋಡಲು ಟೈರಿನ ಪಕ್ಕದಲ್ಲಿ ಡಿಒಟಿ ಅಕ್ಷರಗಳಿರುವ ಸಾಲು ಹುಡುಕಿ. ಕೊನೆಯ ನಾಲ್ಕು ಅಂಕಿ 2319 ಅಂತ ಇದ್ದರೆ 2019ರ 23ನೇ ವಾರ ತಯಾರಾದದ್ದು. ಸ್ಟೆಪ್ನಿಯದ್ದೂ ನೋಡಿ. ಓಡದೆ ಟ್ರೆಡ್ ಹೊಸದಾಗಿ ಕಂಡರೂ ರಬ್ಬರ್ ಒಣಗಿರುತ್ತದೆ.

ಆಮೇಲೆ ರಸ್ತೆ ಮೇಲಿನ ನೀರು. 30 ಸೆಂಟಿಮೀಟರ್ ಆಳದ ಹರಿಯುವ ನೀರು ಸಣ್ಣ ಕಾರನ್ನು ತೇಲಿಸಬಲ್ಲದು. ನೀರಿನಲ್ಲಿ ಇಂಜಿನ್ ನಿಂತರೆ ಮತ್ತೆ ಸ್ಟಾರ್ಟ್ ಮಾಡಬೇಡಿ. ಸಿಲಿಂಡರ್ ಒಳಗೆ ನೀರು ಹೋಗಿದ್ದರೆ ಅದನ್ನು ಗಾಳಿಯಂತೆ ಒತ್ತಲು ಆಗಲ್ಲ, ಕನೆಕ್ಟಿಂಗ್ ರಾಡ್ ಬಾಗಿಹೋಗುತ್ತದೆ. ತಳ್ಳಿಸಿ ಹೊರಗೆ ತನ್ನಿ.

ನಿವೃತ್ತ ಸರ್ವೇಯರ್

ಇಂಜಿನ್ ಕವರ್ ಬೇಕಾ ಬೇಡವಾ ಅನ್ನುವುದಕ್ಕೆ ಉತ್ತರ ಇಲ್ಲೇ ಇದೆ. ಪ್ರವಾಹದಿಂದ ಆದ ಹಾನಿಗೆ ಸ್ವಂತ ಡ್ಯಾಮೇಜ್ ಪಾಲಿಸಿ ಸಾಮಾನ್ಯವಾಗಿ ಕೊಡುತ್ತದೆ. ನೀರಿನಲ್ಲಿ ನಿಂತ ಮೇಲೆ ನೀವು ಸ್ಟಾರ್ಟ್ ಮಾಡಿ ಹಾಳಾದ ಇಂಜಿನ್‌ಗೆ ಕೊಡಲ್ಲ ಅನ್ನುವ ವಾದ ಬರುತ್ತದೆ. ನಿಮ್ಮ ದಾರಿಯಲ್ಲಿ ಮಳೆಗೆ ನೀರು ನಿಲ್ಲುತ್ತದೆ ಅಂದರೆ ತೆಗೆದುಕೊಳ್ಳಿ, ಇಲ್ಲದಿದ್ದರೆ ಬಿಡಿ. ತೆಗೆದುಕೊಂಡವರೂ ಸ್ಟಾರ್ಟ್ ಮಾಡಬೇಡಿ. ಆ ಕವರಿನಲ್ಲೂ ಷರತ್ತು ಇರುತ್ತದೆ.

ಸ್ಕೂಟರ್ ಅಕ್ಕ

ಕಾರಿನವರಿಗೆ ಎರಡು ವಿನಂತಿ. ನಿಲ್ಲಿಸಿದ ಕಾರಿನ ಬಾಗಿಲನ್ನು ಬಾಗಿಲಿಗೆ ದೂರ ಇರುವ ಕೈಯಿಂದ ತೆಗೆಯಿರಿ. ಹಾಗೆ ಮಾಡಿದರೆ ಮೈ ತಾನಾಗಿ ತಿರುಗುತ್ತದೆ, ಹಿಂದೆ ಬರುವ ನಾನು ಕಾಣುತ್ತೇನೆ. ಮತ್ತೆ ಫೋನ್. ಕೈಯಲ್ಲಿ ಹಿಡಿಯದೆ ಮಾತಾಡಿದರೂ ಗಮನ ಅಲ್ಲಿಗೇ ಹೋಗುತ್ತದೆ. ಮೇಷ್ಟ್ರ ಲೆಕ್ಕ ಹಿಡಿದರೆ 60ರಲ್ಲಿ ಎರಡು ಸೆಕೆಂಡ್ ಮೆಸೇಜ್ ನೋಡುವುದು ಅಂದರೆ 33 ಮೀಟರ್ ಕಣ್ಣುಮುಚ್ಚಿ ಓಡಿಸಿದ ಹಾಗೆ.

ನನ್ನ ಥರದವರಿಗೆ: ಹೆಲ್ಮೆಟ್ ಪಟ್ಟಿ ಬಿಗಿಯಾಗಿ ಹಾಕಿ, ಇಲ್ಲದಿದ್ದರೆ ಬೀಳುವಾಗ ತಲೆಗಿಂತ ಮೊದಲು ಹೆಲ್ಮೆಟ್ ಹೋಗಿರುತ್ತದೆ. ಲಾರಿಯ ಕನ್ನಡಿಯಲ್ಲಿ ಚಾಲಕನ ಮುಖ ನಿಮಗೆ ಕಾಣದಿದ್ದರೆ ನೀವೂ ಅವನಿಗೆ ಕಾಣುತ್ತಿಲ್ಲ. ತಿರುವಿನಲ್ಲಿ ಅದರ ಪಕ್ಕ ನುಸುಳಬೇಡಿ.

ಬಾನೆಟ್ ಕೆಳಗೆ

ಅಕ್ಕ ಹೇಳಿದ್ದು ನೂರಕ್ಕೆ ನೂರು. ಕಾರಿನ ಒಳಗಿನವರಿಗೂ ಸ್ವಲ್ಪ. ಮೂರು ಬಿಂದುವಿನ ಸೀಟ್ ಬೆಲ್ಟನ್ನು 1959ರಲ್ಲಿ ವೋಲ್ವೊದ ಇಂಜಿನಿಯರ್ ನಿಲ್ಸ್ ಬೋಲಿನ್ ರೂಪಿಸಿದರು. ಕಂಪನಿ ಪೇಟೆಂಟ್ ಮುಚ್ಚಿಡದೆ ಎಲ್ಲರಿಗೂ ಬಿಟ್ಟುಕೊಟ್ಟಿತು. ಇಷ್ಟು ವರ್ಷವಾದರೂ ಹಿಂದಿನ ಸೀಟಿನವರು ಬೆಲ್ಟನ್ನು ಸೀಟಿನ ಕೆಳಗೆ ತುರುಕಿ ಕೂರುತ್ತಾರೆ. ಗುದ್ದಿದಾಗ ಅವರು ಮುಂದಿನವರ ಬೆನ್ನಿಗೇ ಬಂದು ಬೀಳುತ್ತಾರೆ. ಕೆಳಗಿನ ಪಟ್ಟಿ ಸೊಂಟದ ಮೂಳೆಯ ಮೇಲೆ ಇರಲಿ, ಹೊಟ್ಟೆಯ ಮೇಲೆ ಬೇಡ. ಹೆಡ್‌ರೆಸ್ಟ್ ಮೇಲಂಚು ನೆತ್ತಿಯ ಮಟ್ಟಕ್ಕೆ ಬರಲಿ, ಅದು ಇರುವುದು ಹಿಂದಿನಿಂದ ಗುದ್ದಿದಾಗ ಕುತ್ತಿಗೆ ಉಳಿಸಲು. ಎದೆಗೂ ಸ್ಟೀರಿಂಗ್‌ಗೂ ನಡುವೆ 25 ಸೆಂಟಿಮೀಟರ್ ಬಿಡಿ. ಹಿಂದಕ್ಕೆ ಮುಖ ಮಾಡಿದ ಮಗುವಿನ ಸೀಟನ್ನು ಏರ್‌ಬ್ಯಾಗ್ ಚಾಲೂ ಇರುವ ಮುಂದಿನ ಸೀಟಿನಲ್ಲಿ ಇಡಲೇಬಾರದು. ಮಗುವನ್ನು ಮಡಿಲಲ್ಲಿ ಕೂರಿಸುವುದೂ ಬೇಡ, ಡಿಕ್ಕಿಯ ಹೊಡೆತಕ್ಕೆ ಯಾವ ತೋಳೂ ಹಿಡಿದುಕೊಳ್ಳಲಾರದು.

ಮುಂದೆ ಕಬ್ಬಿಣದ ಬುಲ್ ಬಾರ್ ಹಾಕಿಸಿಕೊಂಡವರು ತೆಗೆಸಿ. ಕಾರಿನ ಮೂತಿ ನುಜ್ಜುಗುಜ್ಜಾಗಲೆಂದೇ ಮಾಡಿರುವುದು. ಹೊಡೆತವನ್ನು ಅದು ನುಂಗಬೇಕು. ಬಾರ್ ಇದ್ದರೆ ಹೊಡೆತ ನೇರ ಚಾಸಿಗೆ, ಅಲ್ಲಿಂದ ನಿಮಗೆ. ಏರ್‌ಬ್ಯಾಗ್ ಸೆನ್ಸರ್ ಲೆಕ್ಕವೂ ತಪ್ಪುತ್ತದೆ.

ಹಳೇಕಾರು ಹೊಸಚಾಲಕ

ಕವರ್ ಬಗ್ಗೆ ಕೇಳಿದರೆ ಇಷ್ಟೆಲ್ಲ ಸಿಕ್ಕಿತು! ನಾನು ಮಾಡಿರುವುದು ಇದು. ಥರ್ಡ್ ಪಾರ್ಟಿ ಮಿತಿ ಏರಿಸಿದೆ. ಸ್ವಂತ ಡ್ಯಾಮೇಜ್ ಇಟ್ಟುಕೊಂಡೆ, ಡಿಡಕ್ಟಿಬಲ್ ಏರಿಸಿದೆ. ನಮ್ಮ ದಾರಿಯಲ್ಲಿ ಒಂದು ಅಂಡರ್‌ಪಾಸ್‌ನಲ್ಲಿ ನೀರು ನಿಲ್ಲುತ್ತದೆ, ಹಾಗಾಗಿ ಇಂಜಿನ್ ಕವರ್ ಇರಲಿ ಅಂದೆ. ಉಳಿದದ್ದೆಲ್ಲ ತೆಗೆಸಿದೆ. ಪ್ರೀಮಿಯಂ ಹೋದ ವರ್ಷಕ್ಕಿಂತ ಸ್ವಲ್ಪ ಕಡಿಮೆಯೇ ಆಯಿತು. ಉಳಿದ ದುಡ್ಡು ಟೈರಿಗೆ.

ನಿವೃತ್ತ ಸರ್ವೇಯರ್

ಚೆನ್ನಾಗಿದೆ. ಪಾಲಿಸಿ ಕೈಗೆ ಬಂದ ದಿನವೇ ಹೆಸರು, ಚಾಸಿ ನಂಬರ್, ಇಂಜಿನ್ ನಂಬರ್, ಬೋನಸ್ ಪ್ರತಿಶತ, ಶುರುವಾಗುವ ತಾರೀಖು ಮತ್ತು ಗಂಟೆ ನೋಡಿಬಿಡಿ. ಹಳೆಯದು ಮುಗಿದು ಹೊಸದು ಶುರುವಾಗುವ ನಡುವೆ ಒಂದು ದಿನವೂ ಖಾಲಿ ಇರಬಾರದು.

ಟಾಪ್‌ಗೇರ್ ತಮ್ಮ

ಸಾರ್, ಇದೇ ಥ್ರೆಡ್‌ನಲ್ಲಿ ಕೇಳಿಬಿಡುತ್ತೇನೆ. ಸೆಕೆಂಡ್ ಹ್ಯಾಂಡ್ ಬೈಕ್ ತೆಗೆದುಕೊಳ್ಳುತ್ತಿದ್ದೇನೆ. ಹಳೆ ಮಾಲೀಕರ ಪಾಲಿಸಿ ಇನ್ನೂ ಎಂಟು ತಿಂಗಳು ಇದೆ. ಹಾಗೇ ಓಡಿಸಬಹುದಾ?

ಕರಿಕೋಟು

ಬೇಡ. ಗಾಡಿಯ ದಾಖಲೆ ಜೊತೆಗೇ ಪಾಲಿಸಿಯನ್ನೂ ನಿಮ್ಮ ಹೆಸರಿಗೆ ಮಾಡಿಸಿ, ಅಥವಾ ಹೊಸದು ತೆಗೆದುಕೊಳ್ಳಿ. ಪಾಲಿಸಿ ಅವರ ಹೆಸರಿನಲ್ಲಿ, ಗಾಡಿ ನಿಮ್ಮ ಹೆಸರಿನಲ್ಲಿ ಇದ್ದರೆ ಸ್ವಂತ ಡ್ಯಾಮೇಜ್ ಕ್ಲೇಮ್ ತಿರಸ್ಕರಿಸಲು ಅದೊಂದೇ ಕಾರಣ ಸಾಕು.

ನಿವೃತ್ತ ಸರ್ವೇಯರ್

ಮತ್ತೆ ಅವರ ನೋ ಕ್ಲೇಮ್ ಬೋನಸ್ ಸಾಮಾನ್ಯವಾಗಿ ಅವರ ಜೊತೆಗೇ ಹೋಗುತ್ತದೆ, ಬೈಕಿನ ಜೊತೆ ಬರಲ್ಲ. ಬೋನಸ್ ಸಮೇತ ಕೊಡುತ್ತೇನೆ ಅಂತ ಅವರು ಬೆಲೆ ಜಾಸ್ತಿ ಹೇಳಿದ್ದರೆ ಚೌಕಾಸಿ ಮಾಡಿ.